ಮೂಸೆಯಷ್ಟು

ಹುಬ್ಬಳ್ಳಿಯ ಡಾಕ್ಟರು ಚೀಟಿಯ ಹಿಂಬದಿಗೆ
ಬಾಳೆಕಾಯಿಯಂಥದೊಂದು ಚಿತ್ರ ಬರೆದು
ಇಷ್ಟು ಉಳಿಸುತ್ತೇವೆ, ಮಿಕ್ಕದ್ದು ಕತ್ತರಿಸುತ್ತೇವೆ ಎಂದರು.
ತೆಗೆದದ್ದನ್ನು ಏನು ಮಾಡುತ್ತೀರಿ, ಕೇಳಿದೆ.
ನಕ್ಕರು.
ಅವರಿಗೆ ಗೊತ್ತಿರಲಿಲ್ಲ, ಅರ ಉಜ್ಜಿದ ಪುಡಿಯನ್ನೂ
ಗುಡಿಸಿ ಕಟ್ಟಿಡುವ ಅಕ್ಕಸಾಲಿಗ ನಾನು.

ಈಗ ಹೊಟ್ಟೆ ನನ್ನ ಮೂಸೆಯಷ್ಟು.
ನೂರಾ ಮೂವತ್ತೆಂಟು ಕಿಲೋ ಆಳಿಗೆ
ಒಂದು ಮೂಸೆ.

ಮೊದಲು ನೀರು. ಆಮೇಲೆ ಬೇಳೆಯ ಕಟ್ಟು, ಸೋಸಿದ ಗಂಜಿ,
ಗುಟುಕಿಗೂ ಗುಟುಕಿಗೂ ನಡುವೆ ಗಡಿಯಾರ.
ಸುಲಭಾ ಮನೆಯಲ್ಲಿ ಹುರಿಯುವುದನ್ನೇ ಬಿಟ್ಟಳು,
ತಾನೂ ಅಡುಗೆಮನೆಯ ಮೂಲೆಗೆ ತಿರುಗಿ ಕೂತು
ಸದ್ದಾಗದಂತೆ ಉಂಡಳು.
ಪಕ್ಕದ ಮನೆಯವರು ಬಿಡಲಿಲ್ಲ. ದಿನಾ ಬಂಗಡೆ.
ಕೋಡಿಬಾಗದ ಗಾಳಿಗೆ ದಯೆಯಿಲ್ಲ.

ಹಲ್ಲಿಗೆ ಕೆಲಸ ಕೊಡಬಹುದು ಎಂದ ದಿನ
ಇಡ್ಲಿ ತಿಂದೆ. ಎಲ್ಲರೂ ಮೆತ್ತಗೆ ಎನ್ನುವ ಇಡ್ಲಿ
ಒಳಗೆ ಹೋಗಿ ನೆನೆದ ಹತ್ತಿಯಂತೆ ಉಬ್ಬಿ ಕೂತಿತು.
ಅನ್ನ ಇನ್ನೂ ಕೆಟ್ಟದು, ಎದೆಯ ನಡುವೆ ಗಂಟು.
ಬೆಳಿಗ್ಗೆ ಇಳಿದ ಮೊಟ್ಟೆ ಸಂಜೆ ಇಳಿಯಲೊಲ್ಲದು.
ಕೋಳಿಯ ಕಥೆ ಬೇಡ;
ಕಡಲದಂಡೆಯ ಗಾಳಿಮರವೊಂದಕ್ಕೆ ಮಾತ್ರ ಅದು ಗೊತ್ತು,
ಅದನ್ನು ಹಿಡಿದೇ ನಾನು ಬಾಗಿದ್ದು.

ಶಿರಸಿಯ ಅಕ್ಕ ಫೋನಿನಲ್ಲಿ ಒಂದೆಲಗದ ತಂಬುಳಿ ಹೇಳಿದಳು.
ಇಳಿಯಿತು, ತಂಪಾಯಿತು.
ಆದರೆ ಕುಡಿದದ್ದನ್ನು ಊಟವೆಂದು ನಾಲಗೆ ಒಪ್ಪಲಿಲ್ಲ.

ಅಂಗಡಿಯ ಕೆಳಗಿನ ಖಾನೆಯಲ್ಲಿ ಬೆಳ್ಳಿಯ ಪುಟ್ಟ ಚಮಚವೊಂದಿದೆ.
ಅನ್ನಪ್ರಾಶನಕ್ಕೆಂದು ಸದಾಶಿವಗಡದವರು ಮಾಡಿಸಿದ್ದು.
ಮುಂಗಡ ಕೊಟ್ಟವರು ಮತ್ತೆ ಬರಲಿಲ್ಲ.
ಎಂಟು ವರ್ಷ. ಯಾಕೆಂದು ನಾನು ವಿಚಾರಿಸಲಿಲ್ಲ,
ಕರಗಿಸಲೂ ಇಲ್ಲ.
ಹುಣಸೆಹುಳಿ ಹಚ್ಚಿ ತಿಕ್ಕಿ ಮನೆಗೆ ತಂದೆ.
ಸುಲಭಾ ನೋಡಿದಳು. ಏನೂ ಕೇಳಲಿಲ್ಲ.

ಮೀನುಪೇಟೆಯಲ್ಲಿ ಶೇವಂತಿ ಹರಿಕಂತ್ರ,
ನನಗೆಂದು ಇಸೋಣದ ನಡುತುಂಡು ತೆಗೆದಿಡುತ್ತಿದ್ದವಳು,
ಮೊದಲು ನನ್ನ ಗುರುತು ಹಿಡಿಯಲಿಲ್ಲ.
ಎಂಥದು ಶೇಟ್ರೆ, ಅರ್ಧ ಆಗ್ಬಿಟ್ರಿ, ಶುಗರಾ?
ಊರಿಗೆಲ್ಲ ಹೌದೆಂದವನು ಅವಳಿಗೆ ನಿಜ ಹೇಳಿದೆ,
ಇಡ್ಲಿಯದ್ದನ್ನೂ, ಗಾಳಿಮರದ್ದನ್ನೂ.
ಅವಳು ಮಂಜುಗಡ್ಡೆಯೊಳಗೆ ಕೈ ತೂರಿಸಿ
ಬೆರಳಿನಂಥ ಒಂದು ನೊಗಲಿ ಎತ್ತಿದಳು.

ಇದ್ರ ಮುಳ್ಳು ನಡುವೆ ಒಂದೇ ಸಾಲು,
ಎಳೆದ್ರೆ ಬಾಚಣಿಗೆ ಹಾಂಗೆ ಬರ್ತದೆ.
ನಮ್ಮನೆಯವ್ರ ಬಾಯಿ ಸೊಟ್ಟಗಾದಾಗ
ಎರಡು ವರ್ಷ ಇದನ್ನೇ ಉಣಿಸಿದ್ದು ನಾನು.
ಎಣ್ಣೆ ತೋರಿಸ್ಬೇಡಿ. ಅರಿಶಿನದ ಎಲೆಯಲ್ಲಿ ಮಡಚಿ ಹಬೆಗಿಡಿ,
ಮೇಲಿಂದ ಮುರುಗಲ ಹುಳಿ ನಾಕು ಹನಿ.
ದುಡ್ಡೆಷ್ಟು ಎಂದೆ.
ಒಂದು ನೊಗಲಿಗೆ ಎಂಥ ದುಡ್ಡು, ಹೋಗಿ.

ಎಲೆ ಬಿಚ್ಚಿದಾಗ ಮನೆಗೆ ಮನೆಯ ವಾಸನೆ ಬಂತು.
ಮೀನು ಎಳೆ ಎಳೆಯಾಗಿ ಬಿಟ್ಟುಕೊಟ್ಟಿತು.
ಚಮಚದ ತುದಿಗೆ ಅರ್ಧ ತೊಲ. ಅಗಿದೆ,
ಇಪ್ಪತ್ತು, ಮೂವತ್ತು, ನುಂಗಿದೆ.
ಇಬ್ಬರೂ ಉಸಿರು ಹಿಡಿದು ಕೂತೆವು,
ಬೆಸುಗೆ ನಿಂತಿತೋ ಬಿಟ್ಟಿತೋ ಎಂದು ಕಾಯುವ ಹಾಗೆ.
ನಿಂತಿತು.
ಇನ್ನೊಂದು.

ಏಳನೆಯ ತುತ್ತಿಗೆ ಒಳಗಿನಿಂದ ಯಾರೋ
ಸಾಕು ಅಂದರು.
ಐವತ್ತೊಂದು ವರ್ಷ ಇವರೆಲ್ಲಿದ್ದರೋ.

ಅರ್ಧಕ್ಕಿಂತ ಹೆಚ್ಚು ಮೀನು ಉಳಿದಿತ್ತು.
ಸುಲಭಾ ತಟ್ಟೆ ತಂದು ನನ್ನೆದುರಿಗೇ ಕೂತಳು,
ಬಿಸಿ ಅನ್ನದ ಮೇಲೆ ಅದನ್ನು ಸುರಿದುಕೊಂಡು
ಕೈಬಾಯಿಗೆ ಬಿಡುವಿಲ್ಲದೆ ಉಂಡಳು,
ಬೆರಳು ನೆಕ್ಕಿದಳು.
ಉಪ್ಪು ಕಡಿಮೆಯಾಯಿತಲ್ಲ, ಎಂದಳು.

ನನಗೆ ಗೊತ್ತೇ ಆಗಿರಲಿಲ್ಲ.