ಹದಿಮೂರನೆಯ ಮುಖ

ಗೇಜಾ ಅದನ್ನು ತಂದದ್ದು ಪಿಜ್ಜಾ ಡಬ್ಬಿಯಲ್ಲಿಟ್ಟು,
ಮಡಿಕೆ ಬೀಳಬಾರದೆಂದು. ಚಿಕ್ಕಮ್ಮ ಇಲ್ಕಾಳ ಅಡುಗೆಮನೆಯ
ಲಿನೋಲಿಯಂ ಕಿತ್ತಾಗ ಅಡಿಯಲ್ಲಿ ಸಿಕ್ಕಿತಂತೆ:
ಬ್ರಿಜ್‌ಪೋರ್ಟಿನ ಪತ್ರಿಕೆಯ ಒಂದು ಪೂರ್ತಿ ಪುಟ,
ಸಾವಿರದ ಒಂಬೈನೂರ ಎಂಟು, ಡಿಸೆಂಬರಿನ ಭಾನುವಾರ.

ಕ್ರಿಸ್‌ಮಸ್ ತಾತ ಹಿಮದಲ್ಲಿ ಮೊಣಕಾಲೂರಿ
ಹೆಗಲ ಮೇಲೆ ಹೊತ್ತಿದ್ದಾನೆ ದತ್ತೂರಿ ಹೂವಿನಂಥ ಕಹಳೆ.
ಅದರ ಬಾಯಿಂದ ಉದುರುತ್ತಿದ್ದಾರೆ
ಹೆಬ್ಬೆರಳ ಗಾತ್ರದ ಹಾಡುಗಾರರು,
ಟೋಪಿ, ಬೀಸಣಿಗೆ, ಬ್ಯಾಂಜೋ ಸಮೇತ.
'ಈ ಹಬ್ಬಕ್ಕೆ ಇವರೆಲ್ಲ ನಿಮ್ಮ ಮನೆಗೆ ಬರುತ್ತಾರೆ,
ವಾರಕ್ಕೆ ಒಂದೇ ಡಾಲರ್.'
ಹೆಸರು ಮಾತ್ರ ಯಾರದೂ ಇಲ್ಲ. ಆಗ ಬೇಕಿರಲಿಲ್ಲ,
ಮೂಗು ನೋಡಿದರೆ ಸಾಕಿತ್ತು ಊರಿಗೆಲ್ಲ.

ನಾನು ಮೂವತ್ತೊಂದು ವರ್ಷ ಈ ಊರಿನಲ್ಲಿ
ಶ್ರವಣಯಂತ್ರ ಮಾರಿದವಳು. ಅಂಗಡಿ ಮುಚ್ಚಿ ಆರು ವರ್ಷ.
ಈಗ ಸತ್ತವರ ದನಿಗಳ ಬೆನ್ನು ಹತ್ತಿದ್ದೇನೆ:
ಮೇಣದ ಕೊಳವೆ, ಹಳೆಯ ಕ್ಯಾಟಲಾಗು, ಭೂತಗನ್ನಡಿ.

ಮೊದಲನೆಯವನು ಸುಲಭ. ಗಲ್ಲದ ಗುಳಿ, ನಟ್ಟನಡುವೆ ಬೈತಲೆ:
ಆಂಬ್ರೋಸ್ ಟಟಲ್, ಅಳುವ ಹಾಡುಗಳ ಟೆನರ್,
ಹಾಡುವ ಮುನ್ನ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದವ.
ಗರಿಟೋಪಿಯಾಕೆ ಮದಾಮ್ ಒರ್ಸೋಲಾ ವೆಂಚುರಿ,
ಹುಟ್ಟಿದ್ದು ಟ್ರಾಯ್ ಊರಿನ ಲಾಂಡ್ರಿ ಬೀದಿಯಲ್ಲಿ,
ನಿಜ ಹೆಸರು ಹೆಪ್ಸಿ ಬ್ರೌನೆಲ್.
ಸಿಳ್ಳೆಯವನನ್ನು ತುಟಿಯೇ ಹಿಡಿದುಕೊಟ್ಟಿತು: ಲೆಮ್ಯುಯೆಲ್ ಕಾಬ್.
ಬ್ಯಾಂಜೋದವನ ಎಡಗೈಗೆ ನಾಲ್ಕೇ ಬೆರಳು,
ಚಿತ್ರಕಾರ ಅದನ್ನೂ ಬಿಟ್ಟಿಲ್ಲ. ಪುಣ್ಯಾತ್ಮ.
ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯನೊಬ್ಬನಿದ್ದಾನೆ,
ಅವನ ಹೆಸರೂ ಬರೆದೆ, ಪೆನ್ಸಿಲ್ ಒತ್ತಿ ಬರೆದೆ.

ಹನ್ನೆರಡಾಯಿತು. ಕಂಪನಿಯ ಪಟ್ಟಿಯಲ್ಲೂ ಹನ್ನೆರಡೇ.
ಕಹಳೆಯ ಅಂಚಿನಲ್ಲಿ, ಕಾಗದ ಹರಿದಲ್ಲಿ,
ಇನ್ನೊಬ್ಬಳು.
ಏಪ್ರನ್. ಬಿಗಿದು ಸುತ್ತಿದ ಕೂದಲು. ಕೈಯಲ್ಲಿ ವಾದ್ಯವಿಲ್ಲ.
ಗುಂಪಿನಲ್ಲಿ ಗೋವಿಂದ ಅನ್ನೋಣವೆಂದರೆ
ಇವಳ ಬಾಯೇ ಮುಚ್ಚಿದೆ.

ಎರಡು ವಾರ ಹುಡುಕಿದೆ. ಗಂಟೆ ಬಾರಿಸುವವಳೇ?
ಮಕ್ಕಳ ಕಥೆಯವಳೇ? ಯಾವ ಕ್ಯಾಟಲಾಗಿನಲ್ಲೂ ಆ ಗದ್ದವಿಲ್ಲ.
ಒಂದು ರಾತ್ರಿ ಸೂಪು ಬಿಸಿಮಾಡುತ್ತ ಸುಮ್ಮನೆ ನೋಡಿದೆ:
ತಲೆ ಎಡಕ್ಕೆ ಒಂದೆಳೆ ವಾಲಿದೆ,
ಕಣ್ಣು ತೆರೆದಿದೆ, ಎಲ್ಲೂ ನೋಡುತ್ತಿಲ್ಲ,
ಈ ಮುಖ ನನಗೆ ಗೊತ್ತು. ಮೂವತ್ತೊಂದು ವರ್ಷ
ನನ್ನೆದುರಿನ ಕುರ್ಚಿಯಲ್ಲಿ ಕೂತ ಮುಖ,
'ಈಗ ಕೇಳಿಸುತ್ತಿದೆಯೇ?' ಎಂದು ನಾನು ಕೇಳಿದ
ಮರುಕ್ಷಣದ್ದು.

ಸೂಪು ಉಕ್ಕಿತು.

ಕಾರ್ಖಾನೆಯ ಎರಡನೆಯ ಮಹಡಿಯಲ್ಲಿ ಹುಡುಗಿಯರು ಸಾಲಾಗಿ ಕೂತು
ಅಚ್ಚಿನಿಂದ ಬಂದ ಕೊಳವೆಗಳಿಗೆ ಕಿವಿಗೊಡುತ್ತಿದ್ದರಂತೆ,
ಬಿರುಕಿದೆಯೇ, ಗುಳ್ಳೆಯಿದೆಯೇ, ದಿನಕ್ಕೆ ಹತ್ತು ಗಂಟೆ.
ಟಟಲ್‌ನ ಅದೇ ಅಳು, ಮುನ್ನೂರು ಸಲ.
ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಅನ್ನುತ್ತಾರೆ.
ಕಿವಿಯಿದ್ದವರ ಮಾತು ಯಾರೂ ಎತ್ತುವುದಿಲ್ಲ.

ಗೇಜಾನಿಗೆ ಹೇಳಿದೆ. ಎದ್ದೇ ನಿಂತುಬಿಟ್ಟ:
'ನಮ್ಮ ಬೋರಿಷ್ಕಾ ಮುತ್ತಜ್ಜಿ! ಅಲ್ಲೇ ಕೆಲಸಕ್ಕಿದ್ದಳು!'
ಹಡಗಿನ ಪಟ್ಟಿ ನಾನು ನೋಡಿದ್ದೇನೆ.
ಮುತ್ತಜ್ಜಿ ಇಳಿದದ್ದು ಹತ್ತನೆಯ ಇಸವಿಯ ಮಾರ್ಚಿನಲ್ಲಿ.
ಹೇಳಿದೆ. ಹೇಳಬಾರದಿತ್ತೇನೋ.
ಅವನು ಡಬ್ಬಿಯ ಮುಚ್ಚಳ ತೆಗೆದ, ಮುಚ್ಚಿದ, ತೆಗೆದ.
'ಹಾಗಾದರೆ ಅವಳಿಗಿಂತ ಮುಂಚೆ
ಆ ಸ್ಟೂಲಿನ ಮೇಲೆ ಕೂತಿದ್ದವಳು' ಅಂದ.
ಇರಬಹುದು. ಹಾಗೆಯೇ ಬರೆದುಕೊಂಡೆ.

ಅವನು ಹೋದ ಮೇಲೆ ಟಟಲ್‌ನ ಕೊಳವೆ ಹಚ್ಚಿದೆ.
ಎರಡನೆಯ ಚರಣದಲ್ಲಿ ಒಂದು ಸಣ್ಣ ಗುಳ್ಳೆ: ಟಕ್.
ಸುತ್ತು ಸುತ್ತಿಗೂ ಟಕ್. ಆಮೇಲೆ ಸರಿಹೋಗುತ್ತದೆ.
ಯಾರೋ ಇದನ್ನು ಕೇಳಿಸಿಕೊಂಡೂ
ಹೋಗಲಿ ಎಂದು ಪೆಟ್ಟಿಗೆಗೆ ಹಾಕಿದ್ದಾಳೆ.
ಹಬ್ಬಕ್ಕೆ ವಾರವಿದ್ದಿರಬೇಕು,
ಐದಕ್ಕೇ ಕತ್ತಲಾಗಿರಬೇಕು.