ಉಸಿರು ಹಿಡ್ಕೊಳ್ಳಿ

ಪೇಷಂಟುಗಳೆಲ್ಲ ಹೋದ ಮೇಲೆ
ನಸೀಮಾ ಮೇಡಂ ಟವೆಲಿನಲ್ಲಿ ಸುತ್ತಿ ತಂದರು
ಒಂದು ಕಪ್ಪು ಹಲಗೆಗಲ್ಲು.
"ಇದರ ಎದೆ ತೆಗೀಬೇಕು, ಚಂಗಲ್ರಾಯಪ್ಪ."

ರಾಬರ್ಟ್‌ಸನ್‌ಪೇಟೆಯಲ್ಲಿ ಮೂವತ್ತೊಂದು ವರ್ಷ
ಎದೆ ತೆಗೆದವನು ನಾನು.
ಕಲ್ಲಿನದು ಇದೇ ಮೊದಲು.
ಮಲಗಿಸಿ, ಅಭ್ಯಾಸಬಲ,
"ಉಸಿರು ಹಿಡ್ಕೊಳ್ಳಿ" ಅಂದುಬಿಟ್ಟೆ.
ಮೇಡಂ ನಗಲಿಲ್ಲ.

ಫಿಲ್ಮು ತೊಳೆದಾಗ ಎದ್ದು ಬಂತು:
ಹತ್ತು ತೋಳು, ತೋಳಿಗೆ ಎರಡೆರಡು ಸಾಲು ಕೊಕ್ಕೆ,
ಬಾಲದಲ್ಲಿ ತೋಟಾದಂಥ ಮೊನೆ,
ನಡುವೆ, ಹಳೇ ಬನಿಯನ್ನಿನ ನೇಯ್ಗೆಯ ಹಾಗೆ,
ಎಳೆ ಎಳೆ.
ಚಿಪ್ಪಲ್ಲ. ಹಲ್ಲಲ್ಲ. ಮಾಂಸ.

ನಮ್ಮ ಸಂತೆಯ ಕಣವಾ ಮೀನು
ಐಸಿನಲ್ಲಿಟ್ಟರೂ ಮಧ್ಯಾಹ್ನಕ್ಕೆ ನಾರುತ್ತದೆ.
ಅದರ ಮುತ್ತಜ್ಜನ ಕಡೆಯವನು
ಇದೊಂದು ಹೇಗೆ ಕೊಳೆಯದೆ ಉಳಿದ?

"ಕೊಳೆಯದೆ ಅಲ್ರೀ, ಕೊಳೆತೇ ಉಳಿದಿದ್ದು.
ಗಾಳಿಯಾಡದ ಕೆಸರು.
ಕರಗುವ ಮೈ ಬಿಟ್ಟ ಉಪ್ಪೇ
ಕರಗದ ಮೈಯನ್ನು ಹಿಡಿದುಕೊಂಡಿತು.
ಕೆಲವೇ ವಾರದ ಓಟ.
ನಮ್ಮ ಕೋಲಾರದ ಬಂಡೇಲಿ ಹುಡುಕಬೇಡಿ,
ಇವು ಹುಟ್ಟಿದಾಗ
ಸಾಯೋಕೆ ಮೈಯಿದ್ದವರು ಯಾರೂ ಇರಲಿಲ್ಲ."

ಆಮೇಲೆ ಸತ್ತರು, ಮೇಡಂ.
ಚಾಂಪಿಯನ್ ರೀಫಿನ ಸೂಸೈನಾದನ್,
ತಮಟು ಹಾರಿಸುವವನು.
ಅವನ ಫಿಲ್ಮಿನಲ್ಲಿ ನುಚ್ಚಕ್ಕಿ ಎರಚಿದ ಹಾಗೆ ಬಿಳಿ.
ಬದುಕಿದ್ದಾಗಲೇ, ಒಳಗಿನಿಂದ,
ಮೆತ್ತಗಿನದು ಕಲ್ಲಾಗುತ್ತಿತ್ತು.
ಉಸಿರು ಹಿಡ್ಕೊ ಅಂದರೆ
ಹಿಡಿಯೋಕೆ ಎಲ್ಲಿದೆ ಸಾರ್ ಅನ್ನುತ್ತಿದ್ದ.
ಮೇಲಿನವರು ಬರೆದರು: ಬೀಡಿ ಕೆಮ್ಮು.

ಗಣಿ ಮುಚ್ಚಿದ ವರ್ಷ
ಆ ಫಿಲ್ಮುಗಳೆಲ್ಲ ಬಂಗಾರಪೇಟೆಯ ಗುಜರಿಗೆ ಹೋದವು,
ಕೇಜಿ ಲೆಕ್ಕದಲ್ಲಿ. ಮೂಟೆ ಕಟ್ಟಿದ್ದು ನಾನೇ.
ಕಾಸ್ಟಿಕ್ಕಿನಲ್ಲಿ ತೊಳೆದು ಬೆಳ್ಳಿ ತೆಗೆಯುತ್ತಾರೆ:
ಮೂಟೆ ಎದೆಗಳಿಗೆ
ಒಂದು ಜೊತೆ ಕಾಲುಂಗುರ ಆಗುವಷ್ಟು.
ಉಳಿದ ಖಾಲಿ ಹಾಳೆ ಕಿಟಕಿಗೆ ಬರುತ್ತದೆ.
ಸೂಸೈಯ ಹೆಂಡತಿ ಪುಷ್ಪಮೇರಿಯ ಮನೆಯಲ್ಲೂ ಇದೆ,
ತಿಳಿನೀಲಿ ಬೆಳಕು.
ಯಾರ ಎದೆಯೋ. ಕೇಳಿಲ್ಲ ನಾನು.

ಶಾಯಿಯ ಚೀಲ ಫಿಲ್ಮಿನಲ್ಲಿ ಬೀಳಲಿಲ್ಲ.
ಕಲ್ಲಿನ ಮೇಲೆ ಬರಿಗಣ್ಣಿಗೇ ಕಾಣುತ್ತಿತ್ತು,
ಹುಣಸೆಬೀಜದಷ್ಟು ಕಪ್ಪು.
ಹೆದರಿದಾಗ ಉಗುಳುವುದಂತೆ.
ಉಗುಳುವಷ್ಟು ಹೊತ್ತು ಸಿಗಲಿಲ್ಲವೇನೋ.
ಮೇಡಂ ಬ್ಲೇಡಿನಲ್ಲಿ ಚೂರು ಕೆರೆದು
ಸಾಸರಿನಲ್ಲಿ ಅರೆದು ಒಂದು ಹನಿ ನೀರು ಬಿಟ್ಟರು.
ಮಸಿ. ಈಗ ತಾನೇ ಹೆದರಿದಷ್ಟು ಹಸಿ.

ತೆಗೆದ ಪ್ರತಿ ಫಿಲ್ಮೂ ರಿಜಿಸ್ಟರಿಗೆ ಏರಬೇಕು, ಅದು ರೂಲು.
ಹಳೇ ರಿಜಿಸ್ಟರು, ಹಳೇ ಕಾಲಮ್ಮು.
ನಿಬ್ಬು ಅದರಲ್ಲೇ ಅದ್ದಿದೆ.
ಹೆಸರು: ತಿಳಿಯದು.
ವಯಸ್ಸು: ಹದಿನಾರು ಕೋಟಿ, ಅಂದಾಜು.
ಶಾಫ್ಟ್ ನಂಬರು: ಗೆರೆ ಎಳೆದೆ.
ಷರಾ: ಮಾಂಸ ಚೆನ್ನಾಗಿದೆ.

ನಿಬ್ಬಿನಲ್ಲಿ ಇನ್ನೂ ಸ್ವಲ್ಪ ಇತ್ತು.
ಕೆಳಗಿನ ಸಾಲಿಗೆ ಇಳಿದೆ.
"ಸೂ" ಅನ್ನುವಷ್ಟರಲ್ಲಿ ಒಣಗಿತು.

ಯಾರದು ಅಂತ ಮೇಡಂ ಕೇಳಲಿಲ್ಲ.
ಸಾಸರು ನನ್ನ ಕಡೆ ಸರಿಸಿ
ಇನ್ನೊಂದು ಹನಿ ನೀರು ಬಿಟ್ಟರು.