ಸಬ್ ಮೀಟರು

ಹಾಸನದ ಪೆನ್ಷನ್ ಮೊಹಲ್ಲಾ, ಎರಡನೇ ಅಡ್ಡರಸ್ತೆ.
ಓನರ್ ನಂಜುಂಡಶೆಟ್ಟರ ತಾರಸಿ ತುಂಬ
ಈಗ ನೀಲಿ ಹಲಗೆ.
ನನ್ನ ಶಾವಿಗೆ ಒಣಗುವ ಚಾಪೆ ಕೆಳಗಿಳಿದು
ಸ್ಕೂಟರಿನ ಸೀಟಿನ ಮೇಲೆ.

“ಬಿಲ್ಲು ಸೊನ್ನೆ ಬಂತು, ರಿಹಾನಾ,” ಅಂದರು,
ಮೈಸೂರುಪಾಕು ಕೊಟ್ಟರು.
ತಿಂದೆ. ಚೆನ್ನಾಗಿತ್ತು.

ನನ್ನ ಮೀಟರು ಬೇರೆ, ಮೆಟ್ಟಿಲ ಕೆಳಗೆ:
ಯೂನಿಟ್ಟಿಗೆ ಹತ್ತು ರೂಪಾಯಿ, ಹಳೇ ರೇಟು.
ಗೌರಿ ಹಬ್ಬದ ಬ್ಲೌಸು ಹದಿನಾಲ್ಕು ಬಾಕಿ;
ಮೋಟಾರಿನ ಬೆಲ್ಟ್ ಬಿಚ್ಚಿ
ಕಾಲಲ್ಲೇ ತುಳಿಯುತ್ತೇನೆ.

ತಿಂಗಳಿಗೊಮ್ಮೆ ಹಲಗೆ ಒರೆಸುವವಳೂ ನಾನೇ,
ಬಾಡಿಗೆಯಲ್ಲಿ ನೂರು ಕಡಿಮೆ.
ಕಾಗೆಯ ಹಿಕ್ಕೆ, ಕೆಎಸ್ಸಾರ್ಟಿಸಿ ಧೂಳು.
ಗೀರಬಾರದಂತೆ, ಹತ್ತಿಬಟ್ಟೆಯೇ ಆಗಬೇಕಂತೆ.

ನಿನ್ನೆ ಒಂದು ಮೂಲೆ, ಅಂಗೈಯಗಲ,
ಒರೆಸದೆ ಬಿಟ್ಟೆ.
ಅರ್ಧ ಮೆಟ್ಟಿಲು ಇಳಿದವಳು
ಮತ್ತೆ ಹತ್ತಿ ಒರೆಸಿ ಬಂದೆ.

ಬಿಸಿಲು ಏನು ಮಾಡೀತು, ಪಾಪ.